ಎಣಿಕೆಗೆ ಮುಂಚೆ ಕೊಟ್ಟ ಬಂದೂಕು

ಪುಟ್ಟಗಂಗಮ್ಮನಿಗೆ ಓದು ಬರುತ್ತಿರಲಿಲ್ಲ. ಬರೆಯಲು ಬರುತ್ತಿದ್ದದ್ದು ಒಂದೇ ಒಂದು ಹೆಸರು, ಅದೂ ತನ್ನದಲ್ಲ, ಗಂಡನದು. ಶಿವರಾಮಯ್ಯನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ನಾಲಿಗೆ ಮೂರೂ ಒಂದೇ ಬೆಳಗ್ಗೆ ಬಿದ್ದುಹೋದ ಮೇಲೆ, ಮಗ ಗಂಗಾಧರ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಆ ಹೆಸರು ಬರೆದುಕೊಟ್ಟು ಅವ್ವನ ಕೈಯಲ್ಲಿ ತಿದ್ದಿಸಿದ್ದ. ಅಲ್ಲಿಂದಾಚೆ ಸೊಸೈಟಿ, ಡೈರಿ, ಕರೆಂಟಾಫೀಸು, ಎಲ್ಲೆಲ್ಲಿ ಯಜಮಾನನ ರುಜು ಬೇಕೋ ಅಲ್ಲೆಲ್ಲ ಅವಳೇ ಹಾಕುತ್ತಿದ್ದಳು. ಕೆಂಚನಕಟ್ಟೆಯಲ್ಲಿ ಅದನ್ನು ಯಾರೂ ತಪ್ಪು ಅಂದವರಲ್ಲ. ತಪ್ಪು ಅನ್ನುವ ಮಹಾನುಭಾವ ಯಾರಾದರೂ ಇದ್ದಿದ್ದರೆ ಶಿವರಾಮಯ್ಯನನ್ನು ಹೆಗಲ ಮೇಲೆ ಹೊತ್ತುಕೊಂಡು ಗುಬ್ಬಿಗೆ ನಾಲ್ಕು ಮೈಲಿ ನಡೆಯಬೇಕಿತ್ತು. ಅದಕ್ಕೆ ಯಾರು ತಯಾರಿದ್ದರು?

ಆ ರುಜುವನ್ನು ಅವಳು ಬಂದೂಕಿನಂಗಡಿಯಲ್ಲೂ ಹಾಕುತ್ತಿದ್ದಳು. ಗೋಳು ಶುರುವಾದದ್ದೇ ಅಲ್ಲಿಂದ.

ಮನೆಯಲ್ಲಿ ಒಂಟಿ ನಳಿಕೆಯ ಬಂದೂಕೊಂದಿತ್ತು. ತೆಂಗಿನ ತೋಟಕ್ಕೆ ಬೀಳುವ ಹಂದಿ, ಕೋತಿಗಳನ್ನು ಹೆದರಿಸಲೆಂದು ಮಾವನ ಕಾಲದಲ್ಲಿ ಸಿಕ್ಕಿದ ಲೈಸೆನ್ಸು ಈಗ ಗಂಡನ ಹೆಸರಿನಲ್ಲಿತ್ತು. ಚುನಾವಣೆ ಬಂತು ಅಂದರೆ ಸರ್ಕಾರಕ್ಕೆ ಬಂದೂಕಿನ ಭಯ ಹಿಡಿಯುತ್ತದೆ. ಲೈಸೆನ್ಸು ಇದ್ದವರೆಲ್ಲ ತಂತಮ್ಮ ಬಂದೂಕನ್ನು ಒಂದೋ ಪೊಲೀಸ್ ಠಾಣೆಯಲ್ಲಿ, ಇಲ್ಲವೇ ಬಂದೂಕಿನ ವ್ಯಾಪಾರಿಯ ಹತ್ತಿರ ಇಟ್ಟು, ಫಲಿತಾಂಶ ಬಂದು ಒಂದು ವಾರ ಕಳೆದ ಮೇಲೆ ಬಿಡಿಸಿಕೊಳ್ಳಬೇಕು. ಠಾಣೆಯಲ್ಲಿಟ್ಟರೆ ಸೌದೆ ಒಟ್ಟಿದ ಹಾಗೆ ಮೂಲೆಗೆ ಒಟ್ಟುತ್ತಿದ್ದರು, ವಾಪಸು ಬರುವಾಗ ತುಕ್ಕು ಹಿಡಿದು ಬರುತ್ತಿತ್ತು. ಅದಕ್ಕೇ ಸುತ್ತಲ ಹಳ್ಳಿಯವರು ತುಮಕೂರಿನ ಮಂಡಿಪೇಟೆ ಪಕ್ಕದ ಸಂದಿಯಲ್ಲಿದ್ದ ರೇವಣಸಿದ್ದಯ್ಯನವರ ಅಂಗಡಿಗೆ ಹೋಗುತ್ತಿದ್ದರು. ‘ರೇವಣಸಿದ್ದಯ್ಯ ಅಂಡ್ ಸನ್ಸ್, ಬಂದೂಕು ಮತ್ತು ಮದ್ದುಗುಂಡು ವ್ಯಾಪಾರಿಗಳು’ ಅಂತ ಬೋರ್ಡು. ಸನ್ಸ್ ಯಾರೂ ಇರಲಿಲ್ಲ. ಇದ್ದದ್ದು ಒಬ್ಬಳೇ ಮಗಳು ಸ್ವರ್ಣಲತಾ, ಮದುವೆಯಾಗಿ ಕುಣಿಗಲ್ಲಿನ ಸ್ಕೂಲೊಂದರಲ್ಲಿ ಟೀಚರಾಗಿದ್ದಳು. ಬೋರ್ಡು ಬರೆಸಿದಾಗ ಮುಂದೆ ಗಂಡು ಹುಟ್ಟುತ್ತದೆ ಅಂದುಕೊಂಡಿದ್ದರಂತೆ, ಪಾಪ.

ಮನುಷ್ಯ ಬಂದೂಕು ಮಾರುತ್ತಿದ್ದರೂ ಬಲು ಮೆತ್ತಗಿನ ಜೀವ. ಇರುವೆಯ ಸಾಲು ಕಂಡರೆ ದಾಟಿಕೊಂಡು ಹೋಗುವವರು. ಚುನಾವಣೆಗೆ ಬಂದ ಬಂದೂಕುಗಳನ್ನೆಲ್ಲ ಎಣ್ಣೆ ಬಟ್ಟೆಯಲ್ಲಿ ಒರೆಸಿ, ಗುಂಡು ಸಿಡಿಸುವ ಕೀಲು, ಅಂದರೆ ಕುದುರೆ, ಅದರ ಪಕ್ಕಕ್ಕೆ ಹೆಸರಿನ ಚೀಟಿ ಕಟ್ಟಿ, ಗೋಡೆಗೆ ಸಾಲಾಗಿ ನಿಲ್ಲಿಸುತ್ತಿದ್ದರು. ಪುಟ್ಟಗಂಗಮ್ಮ ಮೊದಲ ಸಲ ಬಂದೂಕನ್ನು ದುಪ್ಪಟಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದಾಗ ಗಾಬರಿಯಾಗಿದ್ದರು.

“ಏನವ್ವ ಇದು? ಲೈಸೆನ್ಸ್ ಯಜಮಾನ್ರ ಹೆಸರಲ್ಲಿದೆ. ಅವ್ರೇ ಬರ್ಬೇಕು. ನೀನು ಹಿಂಗೆ ಎತ್ಕೊಂಡ್ ಬಂದ್ರೆ ನಮ್ಮಿಬ್ರನ್ನೂ ಒಳಗೆ ಹಾಕ್ತಾರೆ.”

“ಅವ್ರು ಮಂಚ ಬಿಟ್ಟು ಏಳಲ್ಲ ಸ್ವಾಮಿ. ಉಚ್ಚೆಗೂ ನಾನೇ ಎತ್ಕೋಬೇಕು.”

ಅವರು ರಿಜಿಸ್ಟರಿನಲ್ಲಿ ‘ಲೈಸೆನ್ಸುದಾರರು ಖುದ್ದು ಹಾಜರ್’ ಅಂತ ಬರೆದು ಅವಳ ಮುಂದಕ್ಕೆ ತಳ್ಳಿದರು. ಅವಳು ನಾಲಿಗೆ ಕಚ್ಚಿಕೊಂಡು ಒಂದೊಂದೇ ಅಕ್ಷರ ಬರೆದಳು. ಇಡುವಾಗೊಮ್ಮೆ, ಬಿಡಿಸುವಾಗೊಮ್ಮೆ, ಚುನಾವಣೆ ಬಂದಾಗಲೆಲ್ಲ ಹೀಗೇ ನಡೆಯಿತು. ಇಬ್ಬರಿಗೂ ಅದು ತಪ್ಪು ಅನ್ನುವುದೇ ಮರೆತುಹೋಯಿತು.

ತೊಂಬತ್ತೈದರ ಮಾರ್ಚಿನಲ್ಲಿ ಜಿಲ್ಲಾ ಪಂಚಾಯ್ತಿ ಚುನಾವಣೆ ಬಂತು. ಆ ಕಡೆ ನಿಂತಿದ್ದ ಗಟ್ಟಿ ಕುಳಗಳು ಇಬ್ಬರು. ಒಬ್ಬ ವೆಂಕಟರಂಗಯ್ಯ. ಇನ್ನೊಬ್ಬ ರೇವಣಸಿದ್ದಯ್ಯನವರ ಒಡಹುಟ್ಟಿದ ತಮ್ಮ ಸಿದ್ದಗಂಗಯ್ಯ. ಇಪ್ಪತ್ತೆರಡರ ಗಂಗಾಧರ ವೆಂಕಟರಂಗಯ್ಯನ ಕಡೆ. ಮನೆಯಲ್ಲಿ ಒಂದು ಕೊಡ ನೀರು ಎತ್ತಿಡು ಅಂದರೆ ಸೊಂಟ ನೋವು ಅನ್ನುವ ಹೈದ, ಅವನ ಜೀಪಿನ ಹಿಂದೆ ನೇತಾಡಿಕೊಂಡು ಒಂದು ತಿಂಗಳು ಗಂಟಲು ಹರಿದುಕೊಂಡಿದ್ದ. ಓಟು ಮುಗಿದು ಎಣಿಕೆಗೆ ಇನ್ನೆರಡು ದಿನ ಇರುವಾಗ ಅವ್ವನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ.

“ಅವ್ವಾ, ನಾಳೆ ತುಮ್ಕೂರ್ಗೆ ಹೋಗಿ ಬಂದೂಕ ತಂದ್ಬುಡು.”

“ಎಣಿಕೇನೇ ಆಗಿಲ್ವಲ್ಲೋ. ಈಗೆಲ್ಲಿ ಕೊಟ್ಟಾರು?”

“ಹಂದಿ ಬಿದ್ದವೆ, ತೆಂಗಿನ ಸಸಿ ಎಲ್ಲಾ ಕಿತ್ತಾಕವೆ ಅನ್ನು. ನೀನು ಅತ್ರೆ ಕೊಡ್ತಾರೆ ಕಣವ್ವ. ಆವಯ್ಯಂದು ಹೆಂಗರುಳು.”

“ಯಾಕ್ಲಾ ಬೇಕು ನಿಂಗೆ?”

“ನಮ್ಮಣ್ಣ ಗೆಲ್ತವ್ನೆ. ಮೆರವಣಿಗೇಲಿ ಎರಡೇ ಎರಡು ಗುಂಡು ಮ್ಯಾಲಕ್ಕೆ ಹೊಡೀತೀನಿ. ಅಣ್ಣನೇ ಕೇಳವ್ನೆ, ‘ನಿಮ್ಮನೇಲಿ ಬಂದೂಕ ಐತಲ್ವೇನ್ಲಾ ಗಂಗಾ’ ಅಂತ. ಅಷ್ಟ್ ಜನದ್ ಮುಂದೆ ನನ್ ಹೆಸ್ರಿಡಿದು ಕರೆದವ್ನೆ ಕಣವ್ವ!”

ಆ ವರ್ಷ ತೋಟಕ್ಕೆ ಒಂದೇ ಒಂದು ಹಂದಿ ಬಿದ್ದಿರಲಿಲ್ಲ. ಮಂಚದ ಮೇಲಿದ್ದ ಶಿವರಾಮಯ್ಯ ಎಲ್ಲ ಕೇಳಿಸಿಕೊಂಡು, ಎಡಗೈಯಿಂದ ಗೋಡೆ ಗುದ್ದುತ್ತ “ಬ್ಯಾ… ಬ್ಯಾ…” ಅಂದ. ಬೇಡ ಅನ್ನುತ್ತಿದ್ದಾನೆ ಅಂತ ತಿಳಿಯದಷ್ಟು ಪೆದ್ದಿಯಲ್ಲ ಪುಟ್ಟಗಂಗಮ್ಮ. ಆದರೂ ಎದ್ದು ಹೋಗಿ ನೀರು ಕುಡಿಸಿ, ಬಾಯಾರಿಕೆ ಅಂತ ಕೇಳಿದ ಹಾಗೆ ಮಾಡಿ ಸುಮ್ಮನಾಗಿಸಿದಳು. ಮಗನ ಮುಖ ಅಷ್ಟು ಅರಳಿದ್ದನ್ನು ನೋಡಿ ಎಷ್ಟೋ ದಿನವಾಗಿತ್ತು. ಅಪ್ಪ ಮಲಗಿದ ಮೇಲೆ ಆ ಮನೆಯಲ್ಲಿ ಅವನು ನಗುವುದನ್ನೇ ಬಿಟ್ಟಿದ್ದ.

ಮಾರನೇ ದಿನ ಅಂಗಡಿಯಲ್ಲಿ ಅವಳು ಹಂದಿಯ ಕತೆ ಹೇಳಿದಳು. ರೇವಣಸಿದ್ದಯ್ಯನವರು ತಲೆ ಆಡಿಸಿದರು.

“ಆಗಲ್ಲ ಕಣವ್ವ. ಡಿ.ಸಿ. ಆರ್ಡರ್ ಇದೆ. ನನ್ ತಮ್ಮ ಬೇರೆ ನಿಂತಿದಾನೆ, ಎಲ್ಲಾರ ಕಣ್ಣೂ ನನ್ ಮೇಲಿದೆ. ಒಂದ್ ಹತ್ತು ದಿನ ತಡ್ಕೋ.”

ಆಗ ಅವಳು ಅತ್ತಳು. ಮೊದಲು ಬೇಕಂತಲೇ ಕಣ್ಣಿಗೆ ಸೆರಗು ಹಚ್ಚಿದ್ದು. ಹಚ್ಚಿದ ಮೇಲೆ ಮಂಚ ಹಿಡಿದ ಗಂಡ, ಗಂಡಾಳಿಲ್ಲದ ಬೇಸಾಯ, ಯಾರ್ಯಾರ ಬಾಗಿಲಲ್ಲೋ ಗೋಗರೆಯುವ ಹಣೆಬರಹ, ಎಲ್ಲ ನೆನಪಾಗಿ ಅಳು ತಾನಾಗಿಯೇ ಉಕ್ಕಿಬಂತು. ಅಂಗಡಿಯ ಮುಂದೆ ಹೋಗುವವರು ನಿಂತು ನೋಡುವಷ್ಟು ಅತ್ತಳು.

“ಎಷ್ಟು ಸಸಿ ಹೋದ್ವು?” ಅಂತ ಕೇಳಿದರು ಅವರು.

“ನಲವತ್ತು,” ಅಂದುಬಿಟ್ಟಳು.

“ಶಿವನೇ! ಮೇಲೇಳಕ್ಕಾಗ್ದಿರೋ ಮನುಷ್ಯನ ತೋಟ…” ಅಂತ ಗೊಣಗಿಕೊಂಡು ಎದ್ದು, ಬಂದೂಕು ತಂದು ಚೀಟಿ ಬಿಚ್ಚಿದರು. ನಾಲ್ಕು ಗುಂಡನ್ನೂ ಕಾಗದದಲ್ಲಿ ಕಟ್ಟಿಕೊಟ್ಟರು. “ಎಣಿಕೆ ಮುಗಿಯೋವರ್ಗೂ ತೋಟದಿಂದ ಈಚೆಗೆ ತರ್ಬೇಡಿ ಮತ್ತೆ. ನಿನ್ನ ನಂಬಿ ಕೊಡ್ತಿದೀನಿ.”

ಆಗಲಿ ಅಂತ ತಲೆಯಾಡಿಸಿ ಅವಳು ರಿಜಿಸ್ಟರಿನಲ್ಲಿ ಗಂಡನ ಹೆಸರು ಬರೆದಳು.

ವೆಂಕಟರಂಗಯ್ಯ ಮುನ್ನೂರು ಚಿಲ್ಲರೆ ಓಟಿನಲ್ಲಿ ಗೆದ್ದ. ಗುಬ್ಬಿಯಲ್ಲಿ ಮೆರವಣಿಗೆ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಗುಲಾಲು ಬಳಿದುಕೊಂಡು ನಿಂತಿದ್ದ ಗಂಗಾಧರ ಒಂದು ಗುಂಡು ಮೇಲಕ್ಕೆ ಹಾರಿಸಿದ. ಜನ ಹೋ ಅಂದರು. ಇನ್ನೊಂದು ಗುಂಡು ತುಂಬಿ, ಕುದುರೆ ಎಳೆದುಕೊಂಡು, ವೆಂಕಟರಂಗಯ್ಯನ ಕಡೆ ತಿರುಗಿ ನಗುತ್ತಿದ್ದನಂತೆ. ಟ್ರ್ಯಾಕ್ಟರು ಗುಂಡಿಗೆ ಇಳಿಯಿತು. ಕೈ ಜಾರಿದ ಬಂದೂಕಿನ ಹಿಡಿ ಕಬ್ಬಿಣದ ತಳಕ್ಕೆ ಬಡಿದು ಗುಂಡು ನೇರವಾಗಿ ಅವನ ಎದೆಗೇ ನುಗ್ಗಿತು. ಆಸ್ಪತ್ರೆ ಬಾಗಿಲು ಮುಟ್ಟುವ ಹೊತ್ತಿಗೆ ಪ್ರಾಣ ಹೋಗಿತ್ತು.

ಹೆಣ ಮನೆಗೆ ಬಂದಾಗ ಪುಟ್ಟಗಂಗಮ್ಮ ಗಂಡನ ಬಾಯಿಗೆ ಮುದ್ದೆ ಇಡುತ್ತಿದ್ದಳು. ಆಮೇಲಿನದು ಅವಳಿಗೆ ಸರಿಯಾಗಿ ನೆನಪಿಲ್ಲ. “ನಾನೇ ತಂದ್ಕೊಟ್ಟೆ, ನಾನೇ ತಂದ್ಕೊಟ್ಟೆ” ಅಂತ ಬಾಯಿಬಾಯಿ ಬಡಿದುಕೊಂಡಳು. ಹೊಟ್ಟೆಯುರಿಗೆ ಏನೇನೋ ಅನ್ನುತ್ತಿದ್ದಾಳೆ, ಹೆತ್ತು ತಂದವಳು ನಾನೇ ಅನ್ನುತ್ತಿದ್ದಾಳೆ ಅಂತ ಜನ ಸಮಾಧಾನ ಹೇಳಿದರು. ಅದು ದಿಟ ಅಂತ ತಿಳಿದಿದ್ದವನು ಶಿವರಾಮಯ್ಯ ಒಬ್ಬನೇ. ಅವನು ಗೋಡೆಯ ಕಡೆ ಮುಖ ಮಾಡಿಕೊಂಡು ಮಲಗಿದ್ದ.

ಹಾಲು ತುಪ್ಪದ ದಿನ ವೆಂಕಟರಂಗಯ್ಯ ಬಿಳೀ ಬಟ್ಟೆಯಲ್ಲಿ ಬಂದ. ಚಾಪೆಯ ಮೇಲೆ ಕೂತು ಅತ್ತ. ಅತ್ತದ್ದು ಸುಳ್ಳಲ್ಲ ಅಂತಲೇ ಇಟ್ಟುಕೊಳ್ಳೋಣ. ಆದರೆ ತನ್ನ ಮೆರವಣಿಗೆಯಲ್ಲಿ, ತಾನೇ ಕೇಳಿ ತರಿಸಿದ ಬಂದೂಕಿನಲ್ಲಿ ಒಬ್ಬ ಸತ್ತ ಅನ್ನುವ ಮಾತು ಗುಬ್ಬಿಯ ಹೋಟೆಲುಗಳಲ್ಲಿ ಆಗಲೇ ಶುರುವಾಗಿತ್ತು. ಕಣ್ಣೊರೆಸಿಕೊಂಡ ಮೇಲೆ ಅವನು ಬೇರೆಯದೇ ರಾಗ ತೆಗೆದ.

“ಎಣಿಕೆಗೆ ಮುಂಚೆ ಬಂದೂಕ ಕೊಟ್ಟೋನು ಯಾರವ್ವ? ಸಿದ್ದಗಂಗಯ್ಯನ ಅಣ್ಣ! ತಮ್ಮ ಸೋಲ್ತಾನೆ ಅಂತ ಗೊತ್ತಾಗಿ, ನಮ್ ಮೆರವಣಿಗೇಲಿ ಹೆಣ ಬೀಳ್ಲಿ ಅಂತ ಬೇಕಂತ್ಲೇ ಕೊಟ್ಟವ್ನೆ. ಬುಡಬಾರ್ದು ಅವನ್ನ. ಕೇಸ್ ಹಾಕಾನ. ಲಾಯರ್ ಖರ್ಚೆಲ್ಲಾ ನಂದು.” ಆಮೇಲೆ ದನಿ ಇಳಿಸಿ ಕೇಳಿದ: “ಗಂಗನೇ ತಾನೇ ಹೋಗಿ ತಂದಿದ್ದು?”

ಪುಟ್ಟಗಂಗಮ್ಮ ಉತ್ತರ ಕೊಡಲಿಲ್ಲ. ಕೊಡದೆ ಇದ್ದದ್ದನ್ನೇ ಅವನು ಹೌದು ಅಂತ ತಿಳಿದುಕೊಂಡ.

ಬಂದೂಕು ಕೇಳಿದವನೇ ಎದುರಿಗೆ ಕೂತಿದ್ದ. ಅವನ ಕೊರಳಪಟ್ಟಿ ಹಿಡಿದು ಕೇಳಬಹುದಿತ್ತು. ಕೇಳಿದ್ದರೆ ತಂದವರು ಯಾರು ಅನ್ನುವ ಮಾತು ಬರುತ್ತಿತ್ತು. ಮೂರು ದಿನದಿಂದ ಆ ಮಾತು ಅವಳನ್ನು ಕಿತ್ತು ತಿನ್ನುತ್ತಿತ್ತು. ಈಗ ಒಬ್ಬ ಬಂದು, ತಪ್ಪು ನಿನ್ನದಲ್ಲ, ಮಂಡಿಪೇಟೆಯ ಅಂಗಡಿಯವನದು ಅನ್ನುತ್ತಿದ್ದಾನೆ. ಆ ಮಾತಿಗೆ ಅವಳು ಜೋತುಬಿದ್ದಳು. ಎಂಥ ಹೆಂಗಸಪ್ಪಾ ಅನ್ನಬಹುದು. ಅನ್ನುವವರು ಒಂದು ದಿನ ಅವಳ ಜಾಗದಲ್ಲಿ ಕೂತು ನೋಡಲಿ.

ವೆಂಕಟರಂಗಯ್ಯನ ಲಾಯರು ನಾಗಭೂಷಣ್ ಕಾಗದಗಳನ್ನು ತಂದ. “ಸೈನ್ ಮಾಡೋಕ್ ಬರುತ್ತೇನಮ್ಮ?” ಅಂದ.

“ನನ್ ಹೆಸರು ಬರಿಯಾಕ್ ಬರಲ್ಲ ಸ್ವಾಮಿ,” ಅಂದಳು. ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ.

ಕೇಸು ಒಂದೇ ಆಗಿದ್ದರೆ ರೇವಣಸಿದ್ದಯ್ಯನವರು ಹೇಗೋ ತಡೆದುಕೊಳ್ಳುತ್ತಿದ್ದರೇನೋ. ಗುಬ್ಬಿಯಲ್ಲಿ ಪೊಲೀಸರ ಕೇಸು. ತುಮಕೂರಿನಲ್ಲಿ ಪುಟ್ಟಗಂಗಮ್ಮನ ಹೆಸರಿನಲ್ಲಿ ಪರಿಹಾರದ ದಾವೆ. ಇಷ್ಟು ಸಾಲದು ಅಂತ ವೆಂಕಟರಂಗಯ್ಯ ಕುಣಿಗಲ್ ಕಡೆಯ ತನ್ನ ಶಿಷ್ಯನೊಬ್ಬನನ್ನು ಹಿಡಿದು, ಎಂಟು ವರ್ಷದ ಹಿಂದೆ ಇದೇ ಅಂಗಡಿಯಲ್ಲಿ ಕೊಂಡ ಗುಂಡು ಸಿಡಿದು ತನ್ನ ಬೆರಳು ಹೋಯಿತು ಅಂತ ಅಲ್ಲೂ ಒಂದು ಹಾಕಿಸಿದ. ಆ ಬೆರಳು ಹೋದದ್ದು ಕಬ್ಬಿನ ಗಾಣದಲ್ಲಿ ಅಂತ ಅವನ ಊರಿನ ಮಕ್ಕಳಿಗೂ ಗೊತ್ತಿತ್ತು. ಆದರೇನು? ಸೋಮವಾರ ಗುಬ್ಬಿ, ಬುಧವಾರ ತುಮಕೂರು, ಶುಕ್ರವಾರ ಕುಣಿಗಲ್. ಅರವತ್ತರ ಮನುಷ್ಯ ಫೈಲು ಕಂಕುಳಲ್ಲಿಟ್ಟುಕೊಂಡು ಬಸ್ಸಿನಿಂದ ಬಸ್ಸಿಗೆ ಅಲೆದರು. ಪೇಪರಿನಲ್ಲಿ ಪ್ರತಿ ಸಲ ಹೆಸರು ಬರುವಾಗ ‘ಸಿದ್ದಗಂಗಯ್ಯನವರ ಸಹೋದರ’ ಅಂತ ತಪ್ಪದೆ ಬರುತ್ತಿತ್ತು. ಕೇಸು ಯಾರನ್ನು ಮುಗಿಸಲು ಅಂತ ಅಲ್ಲೇ ತಿಳಿಯುತ್ತಿತ್ತು. ಸಿದ್ದಗಂಗಯ್ಯನೂ ಜಾಣ. ಅಣ್ಣನ ಅಂಗಡಿಯ ಕಡೆ ತಲೆ ಹಾಕುವುದನ್ನೇ ಬಿಟ್ಟ.

ಕುತ್ತಿಗೆಗೆ ಬಂದದ್ದು ಆ ರುಜು. ಪೊಲೀಸರು ರಿಜಿಸ್ಟರ್ ಎತ್ತಿಕೊಂಡು ಹೋಗಿ ಬರಹದ ತಜ್ಞರಿಗೆ ತೋರಿಸಿದರು. ಲಕ್ವ ಹೊಡೆಯುವ ಮುಂಚಿನ ಶಿವರಾಮಯ್ಯನ ರುಜುವಿಗೂ ಇದಕ್ಕೂ ಸಂಬಂಧವೇ ಇಲ್ಲ ಅಂತ ವರದಿ ಬಂತು. ಗಂಡನ ರುಜು ಹೆಂಡತಿ ಹಾಕುತ್ತಾಳೆ ಅಂತ ಬಲ್ಲ ಕೆಂಚನಕಟ್ಟೆಯವರನ್ನು ಯಾರೂ ಕೇಳಲಿಲ್ಲ, ಅವರೂ ಬಾಯಿ ಬಿಡಲಿಲ್ಲ. ಅಲ್ಲಿಗೆ ಬಂದೂಕನ್ನು ಬೇಗ ಕೊಟ್ಟ ತಪ್ಪಿನ ಜೊತೆಗೆ ಸುಳ್ಳು ರುಜು ಸೃಷ್ಟಿಸಿದ ಅಪರಾಧವೂ ರೇವಣಸಿದ್ದಯ್ಯನವರ ತಲೆಗೆ ಬಂತು. ಮೊದಲಿನದಕ್ಕೆ ದಂಡ ಕಟ್ಟಿ ಪಾರಾಗಬಹುದಿತ್ತು. ಎರಡನೆಯದಕ್ಕೆ ಜೈಲೇ ಗತಿ. ಅದರಿಂದ ಅವರನ್ನು ಬಿಡಿಸಲು ಒಂದು ಮಾತು ಸಾಕಿತ್ತು, ಅದು ಪುಟ್ಟಗಂಗಮ್ಮನ ಬಾಯಲ್ಲಿತ್ತು.

ಒಂದು ದಿನ ಗುಬ್ಬಿ ಕೋರ್ಟಿನ ವರಾಂಡದಲ್ಲಿ ಅವಳು ಒಂದು ಬೆಂಚಿನಲ್ಲಿ, ಅವರೂ ಮಗಳೂ ಎದುರು ಬೆಂಚಿನಲ್ಲಿ ಕೂತಿದ್ದರು. ಸ್ವರ್ಣಲತಾ ಸಣ್ಣ ದನಿಯಲ್ಲಿ ಅಪ್ಪನನ್ನು ಬೈಯುತ್ತಿದ್ದಳು.

“ಯಾರ ಸೈನ್ ಅಪ್ಪಾ ಅದು? ನೀನಂತೂ ಹಾಕಿಲ್ಲ, ನಂಗೊತ್ತು. ಯಾರ್ದು ಹೇಳ್ಬಿಡು, ಲಾಯರ್ ಉಳಿಸ್ತೀನಿ ಅಂತಿದಾರೆ.”

“ಶಿವರಾಮಯ್ಯಂದೇ ಕಣಮ್ಮ. ಜಟಕಾದಲ್ಲಿ ಮಲಗಿಸ್ಕೊಂಡು ಬಂದಿದ್ರು.”

“ಇಂಥ ಸುಳ್ಳು ಹೇಳಿ ಯಾರನ್ನ ಕಾಪಾಡ್ತಿದೀಯ ನೀನು?” ಅಂತ ಅವಳು ಎದ್ದು ಹೊರಗೆ ಹೋದಳು.

ರೇವಣಸಿದ್ದಯ್ಯನವರು ಬೆಂಚು ಬಿಟ್ಟು ಪುಟ್ಟಗಂಗಮ್ಮನ ಹತ್ತಿರ ಬಂದರು. ತಮ್ಮ ಮೇಲೆ ಕೇಸು ಹಾಕಿದವಳ ಹತ್ತಿರ ಬಂದು, “ಯಜಮಾನ್ರು ಹೆಂಗಿದಾರವ್ವ?” ಅಂತ ಕೇಳಿದರು. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಹೆದರ್ಬೇಡ. ನನ್ ಬಾಯಿಂದ ಆ ಮಾತು ಬರಲ್ಲ. ಲೈಸೆನ್ಸ್ ಇಲ್ದೋಳು ಬಂದೂಕು ತಗೊಂಡ್ಹೋದ್ಲು ಅಂದ್ರೆ ನಿನ್ನೂ ಹಿಡೀತಾರೆ. ಆ ಮನುಷ್ಯನ್ನ ಯಾರು ನೋಡ್ಕೋತಾರೆ ಆಮೇಲೆ? ನೀನೇನ್ ತಪ್ ಮಾಡ್ದೆ? ಹಂದಿ ಕಾಟ ತಾಳ್ಲಾರ್ದೆ ಬಂದೆ. ನಾನು ಕೊಟ್ಟೆ. ಮಗ ನಿನ್ ಕಣ್ತಪ್ಸಿ ಎತ್ಕೊಂಡ್ ಹೋದ. ನೀನು ಏನ್ ಮಾಡಕ್ಕಾಗ್ತಿತ್ತು?” ಅಂತ ಹೇಳಿ ಫೈಲನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡರು. “ನಲವತ್ತು ಸಸಿ ಹೋಗಿದ್ದ ಮನೆಗೆ ಸಹಾಯ ಮಾಡಿದೆ ಅನ್ನೋದೊಂದಿದೆ ಕಣವ್ವ. ಅದ್ಕೇ ನಿದ್ದೆ ಬರ್ತದೆ ನಂಗೆ.”

ಅಲ್ಲೇ ಹೇಳಬೇಕಿತ್ತು. ಸ್ವಾಮಿ ಅಂತ ಬಾಯಿ ತೆರೆದಳು. ಅಷ್ಟರಲ್ಲಿ ಕೋರ್ಟಿನ ಜವಾನ ಹೆಸರು ಕೂಗಿದ, ಅವರು ಹೋದರು, ಕೇಸನ್ನು ಮುಂದಕ್ಕೆ ಹಾಕಿದರು. ಪುಟ್ಟಗಂಗಮ್ಮ ಬಸ್ಸಿನಲ್ಲಿ ಊರಿಗೆ ಬಂದು ಗಂಡನಿಗೆ ಗಂಜಿ ಕುಡಿಸಿದಳು.

ತೊಂಬತ್ತೆಂಟರಲ್ಲಿ ಅವಳನ್ನು ಸಾಕ್ಷಿಕಟ್ಟೆಗೆ ಕರೆದರು. ಹಿಂದಿನ ದಿನವೆಲ್ಲ ಹೇಳಿಬಿಡಬೇಕು ಅಂತಲೇ ಇದ್ದಳು. ನಾಗಭೂಷಣ್ ಹೊರಗೆ ನಿಂತು, “ಕೇಳಿದ್ದಕ್ಕೆಲ್ಲಾ ಗೊತ್ತಿಲ್ಲ ಅನ್ನಮ್ಮ, ಸಾಕು” ಅಂದಿದ್ದ. ಒಳಗೆ ಹೋದರೆ ಜಡ್ಜು, ಪೊಲೀಸು, ಹಿಂದಿನ ಸಾಲಿನಲ್ಲಿ ವೆಂಕಟರಂಗಯ್ಯ, ಊರಿನ ಅರ್ಧ ಜನ. ಸರ್ಕಾರಿ ವಕೀಲರು ರಿಜಿಸ್ಟರನ್ನು ಬಿಚ್ಚಿ ಅವಳ ಮುಂದೆ ಹಿಡಿದರು.

“ಈ ರುಜು ಯಾರದು ಅಂತ ಹೇಳ್ತೀರಾ?”

ತನ್ನದೇ ಅಕ್ಷರ. ಮಗ ತಿದ್ದಿಸಿದ ಅಕ್ಷರ, ‘ಶಿ’ ದೊಡ್ಡದಾಗಿ, ಉಳಿದವು ಸೊಟ್ಟ ಸೊಟ್ಟ. ನನ್ನದು ಅಂದರೆ, ಯಾಕೆ ತಂದೆ ಅನ್ನುತ್ತಾರೆ. ಯಾಕೆ ತಂದೆ ಅನ್ನುವುದಕ್ಕೆ ಉತ್ತರ ಹೇಳಿದರೆ, ಮಗನನ್ನು ಕೊಂದವಳು ಹೆತ್ತ ತಾಯಿ ಅಂತ ಅಷ್ಟು ಜನದ ಮುಂದೆ ಬರೆದುಕೊಳ್ಳುತ್ತಾರೆ. ಜೈಲಿಗೆ ಅವಳು ಹೆದರಲಿಲ್ಲ, ಆ ಒಂದು ಮಾತಿಗೆ ಹೆದರಿದಳು.

“ಗೊತ್ತಿಲ್ಲ ಸ್ವಾಮಿ,” ಅಂದಳು.

ರೇವಣಸಿದ್ದಯ್ಯನವರಿಗೆ ಒಂದು ವರ್ಷ ಶಿಕ್ಷೆಯಾಯಿತು. ಮೇಲಿನ ಕೋರ್ಟಿನಲ್ಲಿ ವಯಸ್ಸು ನೋಡಿ ನಾಲ್ಕು ತಿಂಗಳಿಗೆ ಇಳಿಸಿದರು. ನಾಲ್ಕು ತಿಂಗಳನ್ನೂ ಅನುಭವಿಸಿಯೇ ಹೊರಗೆ ಬಂದರು. ಲೈಸೆನ್ಸು ರದ್ದಾಯಿತು, ಅಂಗಡಿಗೆ ಸೀಲು ಬಿತ್ತು, ಬೋರ್ಡು ಇಳಿಯಿತು. ಅವರು ಜೈಲಿನಲ್ಲಿದ್ದಾಗಲೇ ತುಮಕೂರಿನ ಶೆಟ್ಟಿಹಳ್ಳಿಯ ಮನೆಯಲ್ಲಿ ಹೆಂಡತಿ ತೀರಿಕೊಂಡರು. ಮಣ್ಣಿಗೆ ಪೊಲೀಸಿನವರ ಜೊತೆ ಬಂದು ಹೋದರಂತೆ. ಆಮೇಲೆ ಮಗಳು ಅವರನ್ನು ಕುಣಿಗಲ್ಲಿಗೆ ಕರೆದುಕೊಂಡು ಹೋದಳು. ಇದೆಲ್ಲ ಪುಟ್ಟಗಂಗಮ್ಮನ ಕಿವಿಗೆ ಬೀಳುತ್ತಿತ್ತು. ಕೇಳಿದ ದಿನ ಅನ್ನ ಸೇರುತ್ತಿರಲಿಲ್ಲ. ಎರಡು ಸಾವಿರದ ಒಂದರಲ್ಲಿ ಶಿವರಾಮಯ್ಯ ಸತ್ತ. ಮಗ ಹೋದ ದಿನದಿಂದ ಸಾಯುವ ದಿನದವರೆಗೆ ಅವನು ಹೆಂಡತಿಯ ಮುಖ ನೋಡಿ ಉಂಡವನಲ್ಲ.

ಎರಡು ಸಾವಿರದ ಮೂರರಲ್ಲಿ ಒಂದು ಮಧ್ಯಾಹ್ನ ಗುಬ್ಬಿಯ ಸಂತೆಗೆ ಹೋಗಿದ್ದಾಗ ಅವಳು ಆ ವೇದಿಕೆ ನೋಡಿದಳು. ವೆಂಕಟರಂಗಯ್ಯನೂ ಸಿದ್ದಗಂಗಯ್ಯನೂ ಒಂದೇ ಪಾರ್ಟಿ ಸೇರಿದ್ದರು. ಒಬ್ಬರಿಗೊಬ್ಬರು ಹಾರ ಹಾಕಿ, ಕೈ ಕೈ ಹಿಡಿದು ಮೇಲೆತ್ತಿ ಹಲ್ಲು ಕಿರಿಯುತ್ತಿದ್ದರು. ಥೂ, ನಾಚಿಕೆಗೆಟ್ಟವರು! ವಾರದೊಳಗೆ ಅವಳಿಗೆ ತುಮಕೂರಿನ ಸದಾಶಿವನಗರದಿಂದ, ನಾಗಭೂಷಣನ ಆಫೀಸಿನಿಂದ ಕರೆ ಬಂತು.

“ಬಾಮ್ಮ, ಕೂತ್ಕೋ. ಪರಿಹಾರದ ದಾವೆ ವಾಪಸ್ ತಗೋತಿದೀವಿ. ಸಾಹೇಬ್ರೂ ಅವ್ರೂ ರಾಜಿಯಾಗಿದಾರೆ, ಇನ್ಮೇಲೆ ಅದು ಬೇಡ. ಇಲ್ಲೊಂದು ಹೆಬ್ಬೆಟ್ಟು ಒತ್ತು.”

“ರಾಜಿ ಯಾರ್ಯಾರ್ಗೆ ಸ್ವಾಮಿ?”

“ಅದೆಲ್ಲಾ ದೊಡ್ಡೋರ ವಿಷ್ಯ ಬುಡು.”

“ಜೈಲಿಗ್ ಹೋದ್ರಲ್ಲ, ಆ ರೇವಣಸಿದ್ದಯ್ಯನೋರ್ಗೆ?”

“ಅದು ಮುಗ್ದೋದ ಕೇಸು ಕಣಮ್ಮ. ಶಿಕ್ಷೆ ಆಯ್ತು, ಅನುಭವ್ಸಿದ್ರು. ಈಗ್ಯಾಕದು?”

ಎಂಟು ವರ್ಷ ಅದುಮಿಟ್ಟದ್ದು ಅವತ್ತು ಒಡೆಯಿತು. ಪುಟ್ಟಗಂಗಮ್ಮ ಅವನ ಕೈಯಿಂದ ಪೆನ್ನು ಕಿತ್ತುಕೊಂಡು, ಆ ಕಾಗದದ ಮೇಲೆಯೇ ‘ಶಿವರಾಮಯ್ಯ’ ಅಂತ ಬರೆದಳು. ಬರೆದು ಅವನ ಮುಖಕ್ಕೆ ಹಿಡಿದಳು.

“ನೋಡು! ಆ ಸೈನು ನಂದು. ನಾನೇ ಹೋಗಿ ತಂದೆ, ನಾನೇ ಹಾಕ್ದೆ. ಜಡ್ಜ್ ಮುಂದೆ ಹೇಳ್ತೀನಿ ನಡಿ. ಈಗ್ಲೇ ನಡಿ.”

ನಾಗಭೂಷಣನ ಬಣ್ಣ ಇಳಿದುಹೋಯಿತು. ಎದ್ದು ಬಾಗಿಲು ಹಾಕಿ, ಕಾಗದ ಹರಿದು ಬುಟ್ಟಿಗೆ ಹಾಕಿದ. “ತಲೆ ಕೆಟ್ಟಿದೆಯೇನಮ್ಮ? ಅಪೀಲೂ ಮುಗೀತು. ಕಳ್ದೋದ ನಾಲ್ಕು ತಿಂಗ್ಳನ್ನ ಯಾವ ಜಡ್ಜ್ ವಾಪಸ್ ಕೊಡ್ತಾನೆ? ಸುಳ್ಳು ಸಾಕ್ಷಿ ಹೇಳ್ದೋಳು ಅಂತ ನಿನ್ನ ಒಳಗೆ ಹಾಕ್ತಾರೆ ಅಷ್ಟೇ. ಸುಮ್ನೆ ಊರಿಗ್ ಹೋಗು.”

ಅವಳು ಊರಿಗೆ ಹೋಗಲಿಲ್ಲ. ಬಸ್ ಸ್ಟ್ಯಾಂಡಿಗೆ ನಡೆದು ಕುಣಿಗಲ್ ಬಸ್ಸು ಹತ್ತಿದಳು. ಕೋರ್ಟಿಗೆ ಬೇಡವಾದರೆ ಬೇಡ. ಆ ಮನುಷ್ಯನಿಗಾದರೂ ದಿಟ ಹೇಳಿ, ಅವರ ಕೈಯಿಂದ ಎರಡು ಏಟು ತಿಂದು, ಉಗಿಸಿಕೊಂಡು ಬರಬೇಕು ಅಂತ ಅವಳಿಗೆ. ಹಾಗೆ ಉಗಿಸಿಕೊಂಡರೆ ಎದೆಯ ಮೇಲಿನ ಕಲ್ಲು ಇಳಿಯುತ್ತದೆ ಅಂದುಕೊಂಡಿದ್ದಳು.

ಟೀಚರಮ್ಮನ ಮನೆ ಅಂತ ಕೇಳಿಕೊಂಡು ಹೋದಾಗ ಬಾಗಿಲಲ್ಲಿ ಸ್ವರ್ಣಲತಾ ನಿಂತಿದ್ದಳು. ನೋಡಿದ ಕೂಡಲೇ ಗುರುತು ಹಿಡಿದಳು.

“ಇನ್ನೇನ್ ಉಳಿದಿದೆ ಅಂತ ಬಂದ್ರಿ?”

“ಒಂದ್ ಮಾತೈತೆ ಕಣವ್ವ ಅಯ್ಯನೋರತ್ರ.”

“ಯಾರಮ್ಮ ಅದು?” ಅಂತ ಒಳಗಿನಿಂದ ದನಿ ಬಂತು. ಹೆಸರು ಕೇಳಿ, “ಒಳಗೆ ಕರಿ, ಬಿಸ್ಲಲ್ಲಿ ಬಂದಿದಾಳೆ” ಅಂದರು. ಮಗಳು ಹಲ್ಲು ಕಚ್ಚಿಕೊಂಡು ದಾರಿ ಬಿಟ್ಟಳು.

ರೇವಣಸಿದ್ದಯ್ಯನವರು ಕಿಟಕಿಯ ಪಕ್ಕ ಚಾಪೆಯ ಮೇಲೆ ಕೂತಿದ್ದರು. ಅರ್ಧ ಮನುಷ್ಯ ಆಗಿದ್ದರು. ಮಾತು ಮಾತ್ರ ಅದೇ. “ಕೂತ್ಕೋ ಬಾವ್ವ. ಯಜಮಾನ್ರು ಹೋದ್ರಂತೆ, ಈಚೆಗೆ ತಿಳೀತು. ಬರಕ್ಕಾಗ್ಲಿಲ್ಲ,” ಅಂದರು.

ಪುಟ್ಟಗಂಗಮ್ಮ ಕೂರಲಿಲ್ಲ. ಕೂತರೆ ಮತ್ತೆ ಧೈರ್ಯ ಹೋಗುತ್ತದೆ ಅಂತ ನಿಂತೇ ಹೇಳಿದಳು.

“ಹಂದಿ ಇರ್ಲಿಲ್ಲ ಸ್ವಾಮಿ. ಒಂದ್ ಹಂದೀನೂ ಬಿದ್ದಿರ್ಲಿಲ್ಲ, ಒಂದ್ ಸಸೀನೂ ಹೋಗಿರ್ಲಿಲ್ಲ. ಮೆರವಣಿಗೇಲಿ ಹೊಡೀತೀನಿ ತಂದ್ಕೊಡು ಅಂತ ಮಗ ಕೇಳ್ದ. ನಂಗೆಲ್ಲಾ ಗೊತ್ತಿತ್ತು. ಗೊತ್ತಿದ್ದೂ ನಿಮ್ ಮುಂದೆ ಅತ್ತೆ. ಉಗೀರಿ ನಂಗೆ. ಮೆಟ್ಟು ತಗೊಂಡ್ ಹೊಡೀರಿ.”

ಸ್ವರ್ಣಲತಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ರುಜು ಯಾರದು ಅಂತ ಅವಳಿಗೆ ತಿಳಿದದ್ದೇ ಆಗ. ರೇವಣಸಿದ್ದಯ್ಯನವರ ತುಟಿ ಆಡುತ್ತಿತ್ತು, ಕೇಳಿದ್ದನ್ನು ತಮಗೆ ತಾವೇ ಇನ್ನೊಂದು ಸಲ ಹೇಳಿಕೊಳ್ಳುತ್ತಿದ್ದ ಹಾಗೆ. ಕೊನೆಗೆ ತಲೆ ಎತ್ತಿದರು. ಕಣ್ಣಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೆ ಎಷ್ಟೋ ವಾಸಿಯಾಗಿತ್ತು.

“ದಿಟ ಹೇಳಿದ್ರೆ ನಾನು ಕೊಡ್ತಿರ್ಲಿಲ್ವಲ್ಲವ್ವ,” ಅಂದರು. “ಅಂಗಡಿ ಹೋಯ್ತು, ಹೋಗ್ಲಿ. ನೀನೆಷ್ಟೇ ಅತ್ರೂ ಕೊಡ್ತಿರ್ಲಿಲ್ಲ. ಆ ಹುಡ್ಗ ಇರ್ತಿದ್ದ. ಈಗ ಮೂವತ್ತು ಆಗಿರೋದು ಅವನ್ಗೆ.”

ಅಷ್ಟು ಹೇಳಿ, ತಾವು ಒಂದು ಸಲವೂ ಕಣ್ಣಿಂದ ನೋಡದ ಹುಡುಗನಿಗಾಗಿ ಅತ್ತರು. ಮುಖ ಮುಚ್ಚಿಕೊಳ್ಳದೆ, ಮಗಳ ಎದುರಿಗೇ, ಚಿಕ್ಕ ಮಕ್ಕಳು ಅಳುವ ಹಾಗೆ ಅತ್ತರು. ಪುಟ್ಟಗಂಗಮ್ಮ ಅವರು ಬೈಯಲಿ ಅಂತ ಕಾದಳು. ಅವರು ಬೈಯಲಿಲ್ಲ. ಮೂವತ್ತು, ಮೂವತ್ತು ಅಂತ ಅವಳ ತಲೆಯೊಳಗೆ ಅದೊಂದೇ ಸುತ್ತುತ್ತಿತ್ತು. ಇಷ್ಟು ವರ್ಷ ಆ ಲೆಕ್ಕವನ್ನು ಅವಳು ಒಂದು ಸಲವೂ ಹಾಕಿರಲಿಲ್ಲ.

ಸ್ವರ್ಣಲತಾ ಬಂದು ಅವಳ ತೋಳು ಹಿಡಿದಳು. ದನಿಯಲ್ಲಿ ಗದರಿಕೆಯೇನೂ ಇರಲಿಲ್ಲ. “ಹೋಗಿ ನೀವು. ಇಷ್ಟು ದಿನ ಹೆಂಗೋ ಇದ್ರು ಅವ್ರು. ದಯವಿಟ್ಟು ಹೋಗಿ,” ಅಂದಳು.

ಪುಟ್ಟಗಂಗಮ್ಮ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿದಳು. ಒಳಗಿನ ಅಳು ಬೀದಿ ತಿರುಗುವವರೆಗೂ ಕೇಳಿಸುತ್ತಲೇ ಇತ್ತು.